ಹಿತ್ತಲಲ್ಲೊಂದು ಬಿಸಿನೀರಿನ ತೊಟ್ಟಿ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



"ಮನೆಗೆ ಉಪಯೋಗ ಆಗುವಂಥದ್ದು ಏನಾದರೂ ಹೇಳು, ನಿನ್ನ ಆ ಕ್ಲೌಡು ಗಿವ್ಡು ಬೇಡ" ಅಂತ ನಮ್ಮ ಕಾರ್ಯದರ್ಶಿಗಳು ಮೊದಲೇ ತಾಕೀತು ಮಾಡಿದ್ದಾರೆ. ಅದಕ್ಕೇ ಇವತ್ತಿನ ವಿಷಯ ಬಿಸಿನೀರು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಮಿಯಾಪುರದಂಥ ಜಾಗದಲ್ಲಿ ಮನೆಯ ಹಿತ್ತಲಿನಲ್ಲಿ ಒಂದು ಚಿಕ್ಕ ಬಿಸಿನೀರಿನ ತೊಟ್ಟಿ, ಅಂದರೆ ಹಾಟ್ ಟಬ್, ಇಟ್ಟುಕೊಳ್ಳುವುದಾದರೆ ಕರೆಂಟು, ನೀರು, ಜಾಗ ಎಲ್ಲ ಲೆಕ್ಕ ಹಾಕಿ ಯಾವುದನ್ನು ಆರಿಸಬೇಕು ಅನ್ನುವುದು. ನಗಬೇಡಿ. ಬಾಚುಪಲ್ಲಿ ಕಡೆಯ ವಿಲ್ಲಾಗಳಲ್ಲಿ ಇರುವ ನಮ್ಮ ಸದಸ್ಯೆಯರೇ ಮೂವರು ಈ ಪ್ರಶ್ನೆ ಕೇಳಿದ್ದಾರೆ. ನಮ್ಮ ಮನೆಯಲ್ಲೂ ಈ ಪ್ರಶ್ನೆ ಬಂತು. ಆದರೆ ಬಂದದ್ದು ಶೋಕಿಯಿಂದ ಅಲ್ಲ, ಅಮ್ಮನ ಮೊಣಕಾಲಿನಿಂದ.

ಅಮ್ಮನಿಗೆ ಎರಡೂ ಮೊಣಕಾಲಿನ ಸವೆತ. ಮಣೆಯ ಮೇಲೆ ಕೂತು ಮೈತೊಳೆಯುವುದು ನಿಂತುಹೋಗಿ ಮೂರು ವರ್ಷವಾಯಿತು. ಶವರಿನ ಕೆಳಗೆ ನಿಲ್ಲುವುದು ಅವರಿಗೆ ಸ್ನಾನವೇ ಅಲ್ಲ, "ಮಳೆಗೆ ಸಿಕ್ಕಿದ ಹಾಗೆ" ಅನ್ನುತ್ತಾರೆ. ಫಿಸಿಯೋಥೆರಪಿಸ್ಟ್ ಹೇಳಿದ್ದು ಇಷ್ಟು: ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೂತು ಕಾಲು ಮಡಚಿ ಬಿಡಿಸಿದರೆ ಬಿಗಿತ ಸಡಿಲವಾಗುತ್ತದೆ, ನೋವು ಸ್ವಲ್ಪ ಹೊತ್ತಾದರೂ ಇಳಿಯುತ್ತದೆ. ಸವೆತ ವಾಸಿಯಾಗುವುದಿಲ್ಲ, ಅದನ್ನೂ ಅವರೇ ಸ್ಪಷ್ಟವಾಗಿ ಹೇಳಿದರು. ನೀರಿನಲ್ಲಿ ದೇಹ ತೇಲುವುದರಿಂದ ಕೀಲಿನ ಮೇಲಿನ ಭಾರ ಕಡಿಮೆಯಾಗುತ್ತದೆ. ಎದೆಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ.

ಬಿಸಿನೀರು ನಮಗೆ ಹೊಸದಲ್ಲ ಅಂತ ನಿಮಗೆ ಹೇಳಬೇಕಾಗಿಲ್ಲ. ಮಲೆನಾಡಿನವರಿಗೆ ಬಚ್ಚಲೊಲೆ, ಅದರ ಮೇಲೆ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಒಣಗಿದ ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ. ಉತ್ತರ ಕರ್ನಾಟಕದ ಅಕ್ಕಂದಿರಿಗೆ ಎಣ್ಣೆ ಹಚ್ಚಿ ಎರಕೊಳ್ಳುವ ದಿನ. ದೀಪಾವಳಿಗೆ ಮೊದಲು ನೀರು ತುಂಬುವ ಹಬ್ಬ, ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಕುತ್ತಿಗೆಗೆ ಹಿಂಡಲಕಾಯಿ ಬಳ್ಳಿ. ಬಾಣಂತಿಗೆ ನೀರು ಹಾಕುವುದನ್ನು ನೋಡಿದವರಿಗಂತೂ ಒಂದು ಹಂಡೆ ಎಲ್ಲಿಗೂ ಸಾಲುವುದಿಲ್ಲ ಅಂತ ಗೊತ್ತು. ಬೀದರ್ ಕೋಟೆಗೆ ಹೋದವರು ಅಲ್ಲಿನ ಮ್ಯೂಸಿಯಂ ನೋಡಿರುತ್ತೀರಿ. ಆ ಕಟ್ಟಡವೇ ಒಂದು ಕಾಲದ ರಾಜರ ಹಮಾಮು. ನಮ್ಮ ಪಕ್ಕದ ಕುತುಬ್‌ಶಾಹಿ ಗೋರಿಗಳ ಆವರಣದಲ್ಲೂ ಒಂದು ಹಮಾಮು ಇದೆ, ಅದು ಮಾತ್ರ ಸತ್ತವರ ಕೊನೆಯ ಸ್ನಾನಕ್ಕೆ. ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರ್ ತೀರ್ಥ ಅಂತ ಭೂಮಿಯೊಳಗಿಂದಲೇ ಬಿಸಿಯಾಗಿ ಬರುವ ಗಂಧಕದ ನೀರೂ ಇದೆ.

ಇದರ ಜೊತೆಗೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಹಂಡೆಯ ಒಲೆಗೆ ಬೆಳಗಿನ ಜಾವ ಬೆಂಕಿ ಹಾಕುತ್ತಿದ್ದದ್ದು ಯಾರು, ಕೊನೆಗೆ ಸ್ನಾನ ಮಾಡುತ್ತಿದ್ದದ್ದು ಯಾರು? ನಮ್ಮ ಮನೆಯಲ್ಲಿ ಅಮ್ಮ. ಅಜ್ಜ, ಅಪ್ಪ, ಚಿಕ್ಕಪ್ಪಂದಿರು, ಮಕ್ಕಳು ಎಲ್ಲ ಮುಗಿಸಿದ ಮೇಲೆ ಹಂಡೆಯ ತಳದ ಬೆಚ್ಚನೆ ನೀರಿಗೆ ಒಂದಿಷ್ಟು ತಣ್ಣೀರು ಬೆರೆಸಿಕೊಂಡು ನಾಲ್ಕು ಚೊಂಬು. ಒಲೆ ಊದಿದ ಹೊಗೆ ಅವರಿಗೆ, ಬಿಸಿ ನೀರು ಬೇರೆಯವರಿಗೆ. ಈಗ ಅವರಿಗೋಸ್ಕರ ತೊಟ್ಟಿ ಅಂದಾಗ ಅವರ ಬಾಯಿಂದ ಬಂದ ಮೊದಲ ಮಾತು, "ನನ್ನೊಬ್ಬಳಿಗೆ ಅಷ್ಟು ನೀರಾ? ಬೇಡ ಬಿಡು." ಅದು ಸುಮ್ಮನೆ ಹೇಳಿದ ಮಾತಲ್ಲ. ಮೇ ತಿಂಗಳಲ್ಲಿ ನಮ್ಮ ಕಾಲೊನಿಯಲ್ಲಿ ಟ್ಯಾಂಕರಿಗೆ ಕಾಯುವುದನ್ನು ಅವರೂ ನೋಡಿದ್ದಾರೆ. ಹಾಗಾಗಿ ನಾನು ಲೆಕ್ಕ ಹಾಕಲೇಬೇಕಾಯಿತು: ಕರೆಂಟಿನದ್ದು ನನ್ನ ಸಮಾಧಾನಕ್ಕೆ, ನೀರಿನದ್ದು ಅಮ್ಮನ ಸಮಾಧಾನಕ್ಕೆ.

ಲೆಕ್ಕ ಬಹಳ ಸುಲಭ. ಎಂ.ಟೆಕ್ ಬೇಕಾಗಿಲ್ಲ, ಹೈಸ್ಕೂಲಿನ ವಿಜ್ಞಾನ ಸಾಕು. ಒಂದು ಯೂನಿಟ್ ಕರೆಂಟು 860 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುತ್ತದೆ. 860, ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಯಾವ ಅಂಗಡಿಯವನೂ ನಿಮಗೆ ಟೋಪಿ ಹಾಕಲಾರ. ಎಷ್ಟು ಲೀಟರು, ಎಷ್ಟು ಡಿಗ್ರಿ ಏರಬೇಕು, ಎರಡನ್ನೂ ಗುಣಿಸಿ, 860ರಿಂದ ಭಾಗಿಸಿ, ಯೂನಿಟ್ ಬಂತು. ನಮ್ಮ ತಾರಸಿ ಟ್ಯಾಂಕಿನ ನೀರು ಸಾಮಾನ್ಯ ದಿನ 25 ಡಿಗ್ರಿ ಅಂತಿಟ್ಟುಕೊಳ್ಳಿ, ಕೂರಲು ಹಿತವಾದ ಬಿಸಿ 39. ಏರಬೇಕಾದ್ದು 14 ಡಿಗ್ರಿ. ಒಂದು ಬಕೆಟ್, ಅಂದರೆ 18 ಲೀಟರಿಗೆ ಕಾಲು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. 250 ಲೀಟರಿನ ತೊಟ್ಟಿಗೆ ನಾಲ್ಕು ಯೂನಿಟ್. 800 ಲೀಟರಿನ ಟಬ್ಬಿಗೆ 13 ಯೂನಿಟ್. ಡಿಸೆಂಬರಿನಲ್ಲಿ ನೀರು 20 ಡಿಗ್ರಿಗೆ ಇಳಿದಿದ್ದರೆ ಅದೇ 250 ಲೀಟರಿಗೆ ಐದೂವರೆ.

ಈಗ ಅಂಗಡಿಗೆ ಬನ್ನಿ. ಆನ್‌ಲೈನಿನಲ್ಲಿ ಹಾಟ್ ಟಬ್ ಅಂತ ಹುಡುಕಿದರೆ ಮೊದಲು ಸಿಗುವುದು ಗಾಳಿ ತುಂಬುವ ಟಬ್ಬುಗಳು. ನಾಲ್ಕು ಜನರದ್ದು ಅಂತ ಮಾರುವ ಟಬ್ಬಿನಲ್ಲಿ ಸುಮಾರು 800 ಲೀಟರ್ ನೀರು ಹಿಡಿಯುತ್ತದೆ. ಬೆಲೆ ನೋಡಿದರೆ ಆಸೆಯಾಗುತ್ತದೆ, ಗಟ್ಟಿ ಅಕ್ರಿಲಿಕ್ ಟಬ್ಬಿನ ಕಾಲುಭಾಗಕ್ಕೂ ಕಡಿಮೆ. ಆದರೆ ಹೀಟರು ಸುಮಾರು 2 ಕಿಲೋವ್ಯಾಟಿನದ್ದು, ಗಂಟೆಗೆ ಎರಡು ಡಿಗ್ರಿ ಏರಿಸಿದರೆ ಹೆಚ್ಚು. ಸಂಜೆ ಆಫೀಸಿಂದ ಬಂದು ಸ್ವಿಚ್ ಹಾಕಿ ಕೂರುವ ಹಾಗಿಲ್ಲ. ಅದಕ್ಕೇ ಕಂಪನಿಯವರು ಯಾವಾಗಲೂ ಬಿಸಿ ಇಟ್ಟಿರಿ ಅನ್ನುತ್ತಾರೆ. ಅಲ್ಲೇ ಸೋರುವುದು ಹಣ. ಒಳಗೆ ಯಾರೂ ಇಲ್ಲದಿದ್ದರೂ ಗೋಡೆಯಿಂದ, ತಳದಿಂದ, ಮುಚ್ಚಳದ ಸಂದಿಯಿಂದ ಬಿಸಿ ಹೋಗುತ್ತಲೇ ಇರುತ್ತದೆ. ಗಾಳಿಯ ಗೋಡೆ ಒಳ್ಳೆಯ ತಡೆ ಅಲ್ಲ; ಫೋಮು ತುಂಬಿದ ಗೋಡೆ ಒಳ್ಳೆಯ ತಡೆ. ದಿನಕ್ಕೆ ಐದು ಯೂನಿಟ್ ಹೀಗೆ ಸುಮ್ಮನೆ ಹೋದರೆ ತಿಂಗಳಿಗೆ 150. ತೆಲಂಗಾಣದ ಮನೆ ಬಿಲ್ಲಿನಲ್ಲಿ 301ರಿಂದ 400ರವರೆಗಿನ ಯೂನಿಟ್ಟಿಗೆ 9 ರೂಪಾಯಿ. ಈಗಾಗಲೇ ಎಸಿ, ಫ್ರಿಜ್ಜು, ವರ್ಕ್ ಫ್ರಮ್ ಹೋಮಿನಿಂದ 300ರ ಹತ್ತಿರ ಇರುವವರಿಗೆ ಟಬ್ಬಿನ ಪ್ರತಿ ಯೂನಿಟ್ಟೂ ಮೇಲಿನ ಸ್ಲ್ಯಾಬಿನದ್ದೇ. ಅಂದರೆ ತಿಂಗಳಿಗೆ 1,350 ರೂಪಾಯಿಗೂ ಹೆಚ್ಚು, ಒಬ್ಬರೂ ಕಾಲಿಡದೆ. ಬೆಂಗಳೂರಿನಲ್ಲಿ ಗೃಹಜ್ಯೋತಿ ಇರುವ ಮನೆಯವರು ಇನ್ನೂ ಹುಷಾರಾಗಿರಬೇಕು, 200 ದಾಟಿದ ತಿಂಗಳು ಬಿಲ್ಲು ಪೂರ್ತಿ ಕಟ್ಟಬೇಕು.

ಗೀಸರ್ ಕೊಳ್ಳುವಾಗ ಬಿಇಇ ನಕ್ಷತ್ರ ನೋಡುತ್ತೇವಲ್ಲ, ಆ ನಕ್ಷತ್ರ ಅಳೆಯುವುದು ಇದನ್ನೇ: ಬಿಸಿ ನೀರನ್ನು ಸುಮ್ಮನೆ ಇಟ್ಟರೆ 24 ಗಂಟೆಯಲ್ಲಿ ಎಷ್ಟು ಕಳೆದುಕೊಳ್ಳುತ್ತದೆ ಅಂತ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಟ್ ಟಬ್ಬಿಗೂ ಇಂಥ ಮಿತಿ ಇದೆ, ಟಬ್ಬಿನ ಗಾತ್ರಕ್ಕೆ ತಕ್ಕಂತೆ ಇಷ್ಟು ವ್ಯಾಟಿಗಿಂತ ಹೆಚ್ಚು ಸೋರಬಾರದು ಅಂತ. ನಾನು ಹೈದರಾಬಾದಿನಲ್ಲಿ ನೋಡಿದ ಅಂಗಡಿಗಳಲ್ಲಿ ಟಬ್ಬಿನ ಮೇಲೆ ಅಂಥ ಚೀಟಿ ಕಾಣಲಿಲ್ಲ. ಕೇಳಿದರೆ "ಮೇಡಂ, ಎಲ್‌ಇಡಿ ಲೈಟ್ ಇದೆ, ಕರೆಂಟ್ ಜಾಸ್ತಿ ಎಳೆಯಲ್ಲ" ಅಂದ ಒಬ್ಬ ಹುಡುಗ. ನಿಮಗೂ ಹಾಗೆ ಹೇಳಿದರೆ ಮುಚ್ಚಳ ತೋರಿಸು ಅನ್ನಿ. ಟಬ್ಬಿನ ಗುಣ ಮುಚ್ಚಳದಲ್ಲಿದೆ.

ಯಾಕೆಂದರೆ ತೆರೆದ ಬಿಸಿ ನೀರು ಬಿಸಿ ಕಳೆದುಕೊಳ್ಳುವುದು ಮುಖ್ಯವಾಗಿ ಆವಿಯಾಗಿ. ಒಂದೇ ಒಂದು ಲೀಟರ್ ನೀರು ಆವಿಯಾದರೆ ಮೂರನೇ ಎರಡು ಯೂನಿಟ್ಟಿನಷ್ಟು ಶಾಖ ಅದರ ಜೊತೆ ಹೋಗುತ್ತದೆ. ಅಷ್ಟು ಶಾಖದಲ್ಲಿ ಎರಡು ಬಕೆಟ್ ಸ್ನಾನದ ನೀರು ಕಾಯುತ್ತಿತ್ತು. ನಮ್ಮ ತೊಟ್ಟಿಯಲ್ಲಿ ನಾನೇ ಅಡುಗೆಮನೆಯ ಥರ್ಮಾಮೀಟರ್ ಇಟ್ಟು ನೋಡಿದ್ದೇನೆ. ಜನವರಿಯ ರಾತ್ರಿ ಮುಚ್ಚಳ ತೆಗೆದಿಟ್ಟರೆ ಎರಡೂವರೆ ಗಂಟೆಯಲ್ಲಿ ಆರು ಡಿಗ್ರಿ ಇಳಿಯಿತು. ಎರಡು ಇಂಚಿನ ಫೋಮಿನ ಮುಚ್ಚಳ ಹಾಕಿಟ್ಟರೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ನಾಲ್ಕು ಡಿಗ್ರಿ ಮಾತ್ರ. ನಮ್ಮ ಅಜ್ಜಿಯಂದಿರು ಹಂಡೆಯ ಮೇಲೆ ಮುಚ್ಚಳ ಇಟ್ಟು ಅದರ ಮೇಲೆ ಒದ್ದೆ ಗೋಣಿ ಹಾಕುತ್ತಿದ್ದರು, ಸಂದಿ ಮುಚ್ಚಲಿ ಅಂತ. ವಾಟರ್‌ಪ್ರೂಫ್ ಗ್ಯಾಸ್ಕೆಟ್ ಅಂತ ಈಗ ಅದನ್ನೇ ಮಾರುತ್ತಾರೆ.

ಇಷ್ಟು ಹೊತ್ತಿಗೆ ನನಗೆ ಹೊಳೆದದ್ದು, ನಮಗೆ ಬೇಕಾದದ್ದು ಅಮೆರಿಕದ ಮಾದರಿ ಅಲ್ಲ, ಜಪಾನಿನದ್ದು. ಅಲ್ಲಿ ಮನೆಯ ತೊಟ್ಟಿಗೆ ಒಫುರೋ ಅನ್ನುತ್ತಾರೆ. ಉದ್ದ ಕಡಿಮೆ, ಆಳ ಹೆಚ್ಚು, ಮಲಗುವುದಕ್ಕಲ್ಲ, ಕೂರುವುದಕ್ಕೆ. ಮೊದಲು ಹೊರಗೆ ಪೀಠದ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡು ಆಮೇಲೆ ತೊಟ್ಟಿಗೆ ಇಳಿಯುವುದು. ಆದ್ದರಿಂದ ಅದೇ ನೀರಿನಲ್ಲಿ ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಕೂರುತ್ತಾರೆ. ಒಬ್ಬರು ಎದ್ದ ಕೂಡಲೇ ಮುಚ್ಚಳ. ಜೆಟ್ಟು, ಗುಳ್ಳೆ, ಬಣ್ಣದ ದೀಪ ಯಾವುದೂ ಇಲ್ಲ. ಮಡಿ ಮೈಲಿಗೆ ಗೊತ್ತಿರುವ ನಮಗೆ ಈ ಕ್ರಮ ಅರ್ಥವಾಗುವುದು ಕಷ್ಟವಲ್ಲ.

ಜೆಟ್ ಇರುವ ಟಬ್ಬು ಯಾಕೆ ಬೇಡ ಅಂದೆವು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಜೆಟ್ಟಿಗೆ ಪಂಪು, ಪಂಪಿಗೆ ಫಿಲ್ಟರು, ತಿಂಗಳುಗಟ್ಟಲೆ ಅದೇ ನೀರು. ಬೆಚ್ಚಗಿನ ನಿಂತ ನೀರು ನಮಗೆ ಎಷ್ಟು ಹಿತವೋ ಬ್ಯಾಕ್ಟೀರಿಯಾಗಳಿಗೂ ಅಷ್ಟೇ ಹಿತ. ಹಾಟ್ ಟಬ್ಬಿನ ನೀರಿನಲ್ಲಿ ಕನಿಷ್ಠ 3 ಪಿಪಿಎಂ ಕ್ಲೋರಿನ್ ಇರಬೇಕು, ಪಿಎಚ್ 7.0ರಿಂದ 7.8ರೊಳಗೆ ಇರಬೇಕು ಅಂತ ಅಮೆರಿಕದ ಸಿಡಿಸಿ ಹೇಳುತ್ತದೆ. ಪಟ್ಟಿ ಅದ್ದಿ ಬಣ್ಣ ನೋಡುವ ಕೆಲಸ ಪದೇಪದೇ ಆಗಬೇಕು. ಮನೆಯಲ್ಲಿ ಆ ಕೆಲಸ ಯಾರ ತಲೆಗೆ ಬರುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇನ್ನು ಎಣ್ಣೆ ಹಚ್ಚಿಕೊಂಡು, ಸೀಗೆಪುಡಿ ಮೆತ್ತಿಕೊಂಡು ಆ ಟಬ್ಬಿಗೆ ಇಳಿದರೆ ಫಿಲ್ಟರು ಅವತ್ತೇ ಗೋವಿಂದ. ಅಭ್ಯಂಜನವೂ ಜಕೂಜಿಯೂ ಒಂದೇ ನೀರಿನಲ್ಲಿ ಆಗುವುದಿಲ್ಲ.

ತುಂಬಿ, ಕೂತು, ಖಾಲಿ ಮಾಡುವ ತೊಟ್ಟಿಗೆ ಕ್ಲೋರಿನ್ ಬೇಡ, ಪಂಪು ಬೇಡ. ಆದರೆ ಪ್ರತಿ ಸಲ ಹೊಸ ನೀರು ಬೇಕು. ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು: ಬರೀ ನೀರಿನ ಲೆಕ್ಕ ನೋಡಿದರೆ, ಮೂರು ತಿಂಗಳಿಗೊಮ್ಮೆ 800 ಲೀಟರ್ ಬದಲಿಸುವ ಜೆಟ್ ಟಬ್ಬೇ ಗೆಲ್ಲುತ್ತದೆ. ವಾರಕ್ಕೆರಡು ಸಲ 250 ಲೀಟರ್ ಅಂದರೆ ತಿಂಗಳಿಗೆ ಎರಡು ಸಾವಿರ ಲೀಟರ್ ದಾಟುತ್ತದೆ. ಹೈದರಾಬಾದಿನಲ್ಲಿ ತಿಂಗಳಿಗೆ 20,000 ಲೀಟರ್ ನೀರು ಉಚಿತ ಇದೆ ನಿಜ, ಮಂಜೀರಾ ನೀರು ನಲ್ಲಿಗೆ ಬರುತ್ತದೆ ನಿಜ; ಆದರೆ ಬೇಸಿಗೆಯಲ್ಲಿ ಬೋರು ಬತ್ತಿದಾಗ ಈ ಮಾತು ಯಾರ ಮುಂದೆಯೂ ಹೇಳಲಾಗುವುದಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕಾರು ತೊಳೆಯುವುದಕ್ಕೂ ಗಿಡಗಳಿಗೂ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತಲ್ಲ. ನಮ್ಮ ಮನೆಯ ತೀರ್ಮಾನ ಹೀಗೆ: ಮಾರ್ಚ್ ನಡುವಿನಿಂದ ಮಳೆ ಹಿಡಿಯುವವರೆಗೆ ತೊಟ್ಟಿ ಬಂದ್. ಆ ದಿನಗಳಲ್ಲಿ ಹೇಗೂ ತಣ್ಣೀರೇ ಬಿಸಿಯಾಗಿರುತ್ತದೆ, ಅಮ್ಮನಿಗೆ ಕಾಲು ಮಾತ್ರ ಮುಳುಗುವಂಥ ಬಕೆಟ್ ಸಾಕು. ಉಳಿದ ತಿಂಗಳಲ್ಲಿ ತೊಟ್ಟಿಯ ಬಾಯಿಂದ ಒಂದು ಪೈಪು ನೇರ ಬಾಳೆಗೆ, ಕರಿಬೇವಿಗೆ, ಮೂಲೆಯ ನುಗ್ಗೆಗೆ. ಸೋಪಿಲ್ಲದ, ಕ್ಲೋರಿನ್ ಹಾಕದ ನೀರು, ತಣ್ಣಗಾದ ಮೇಲೆ ಬಿಟ್ಟರೆ ಗಿಡಕ್ಕೆ ತೊಂದರೆಯಿಲ್ಲ. ಗಿಡಕ್ಕೆ ಮೊದಲೂ ನೀರು ಹಾಕುತ್ತಿದ್ದೆವು, ಈಗ ಅದೇ ನೀರು ಒಂದು ಸುತ್ತು ಹೊಡೆದು ಹೋಗುತ್ತದೆ. ಇದನ್ನು ಕೇಳಿದ ಮೇಲೆಯೇ ಅಮ್ಮ ಹೂಂ ಅಂದದ್ದು.

ತಾರಸಿಯ ಮೇಲೆ ಇಡಬಹುದಾ ಅಂತ ಬಹಳ ಜನ ಕೇಳುತ್ತಾರೆ, ಮೆಟ್ರೋ ಕಾಣುತ್ತದೆ, ನೋಟ ಚೆನ್ನಾಗಿದೆ ಅಂತ. ದಯವಿಟ್ಟು ಬೇಡ. ನೀರು ಭಾರ. ಒಂದು ಅಡಿ ಎತ್ತರದ ನೀರು ಒಂದು ಚದರ ಮೀಟರಿನ ಮೇಲೆ 300 ಕೆಜಿ, ಎರಡು ಅಡಿ ಅಂದರೆ 600. ಜನ ಓಡಾಡುವ ತಾರಸಿಗೆ ನಮ್ಮ ಭಾರತೀಯ ಮಾನಕ ಐಎಸ್ 875ರ ಪ್ರಕಾರ ಲೆಕ್ಕಕ್ಕೆ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ, ಮನೆಯ ಕೋಣೆಗಳಿಗೆ 200. ತಾರಸಿಯ ಮೇಲಿನ ನೀರಿನ ಟ್ಯಾಂಕು ನಿಂತಿಲ್ಲವಾ ಅಂತ ಕೇಳಬಹುದು. ಅದು ನಿಂತಿರುವುದು ಕಂಬ ತೊಲೆಗಳ ಮೇಲೆ, ಮೊದಲೇ ಲೆಕ್ಕ ಹಾಕಿ. ಟಬ್ಬು ಅಂಥ ಲೆಕ್ಕವಿಲ್ಲದೆ ಸ್ಲ್ಯಾಬಿನ ನಡುವೆ ಬಂದು ಕೂರುತ್ತದೆ. ಫ್ಲ್ಯಾಟಿನ ಬಾಲ್ಕನಿಯೂ ಹಾಗೆಯೇ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬರೆದುಕೊಟ್ಟರೆ ಬೇರೆ ಮಾತು. ಬಿಲ್ಡರ್ ಫೋನಿನಲ್ಲಿ "ಏನಾಗಲ್ಲಮ್ಮ" ಅಂದರೆ ಅದು ಲೆಕ್ಕವಲ್ಲ. ಹಿತ್ತಲೇ ಸರಿ, ನೆಲದ ಮೇಲೆ ನಾಲ್ಕಿಂಚು ಕಾಂಕ್ರೀಟು ಹಾಕಿ.

ನೀರನ್ನು ಕಾಯಿಸುವುದು ಯಾವುದರಿಂದ? ನಮ್ಮ ಮನೆಯಲ್ಲಿ ಮೊದಲೇ 200 ಲೀಟರಿನ ಸೋಲಾರ್ ಇತ್ತು. ಕರ್ನಾಟಕದಲ್ಲಿ 2007ರಿಂದಲೇ ನಗರದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿದ್ದಾರೆ, ಬೆಸ್ಕಾಂ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕಾಣುತ್ತದೆ. ಬೆಂಗಳೂರಿನ ತಾರಸಿಗಳ ಮೇಲೆಲ್ಲ ಆ ಓರೆ ಗಾಜುಗಳು ಅದಕ್ಕೇ. ಅಲ್ಲಿಂದ ಬಂದ ನಮ್ಮಂಥವರು ಇಲ್ಲೂ ಹಾಕಿಸಿಕೊಂಡಿದ್ದೇವೆ. ಸೋಲಾರ್ ನೀರು 60 ಡಿಗ್ರಿ ಇದ್ದರೆ, ಅದರ 100 ಲೀಟರಿಗೆ 150 ಲೀಟರ್ ತಣ್ಣೀರು ಬೆರೆಸಿದರೆ 250 ಲೀಟರ್ 39 ಡಿಗ್ರಿ ನೀರು ತಯಾರು. ಅಂದರೆ ಟ್ಯಾಂಕಿನ ಅರ್ಧ ಸಾಕು, ಉಳಿದರ್ಧ ಮನೆಯವರ ಸ್ನಾನಕ್ಕೆ. ಬಿಸಿಲಿದ್ದ ದಿನ ಅಮ್ಮನ ತೊಟ್ಟಿಗೆ ಕರೆಂಟಿನ ಖರ್ಚು ಸೊನ್ನೆ. ಸಂಜೆ ನಾಲ್ಕು ಗಂಟೆಗೆ ತುಂಬಿಸುತ್ತೇವೆ, ಬೆಳಿಗ್ಗೆ ಅಲ್ಲ; ಆ ಹೊತ್ತಿಗೆ ನೀರು ಅತ್ಯಂತ ಬಿಸಿ ಇರುತ್ತದೆ, ರಾತ್ರಿಯ ನಷ್ಟವೂ ಇಲ್ಲ.

ಮಿಯಾಪುರದ ಬೋರು ನೀರು ಗಡಸು, ಗೀಸರಿನ ಕಾಯಿಲ್ ತೆಗೆದು ನೋಡಿದವರಿಗೆ ಆ ಬಿಳಿ ಕಲ್ಲು ಗೊತ್ತು. ಗಡಸು ನೀರಿಗೆ ತಾಮ್ರದ ಕೊಳವೆಯ ಫ್ಲ್ಯಾಟ್ ಪ್ಲೇಟ್ ಸೋಲಾರಿಗಿಂತ ಗಾಜಿನ ಕೊಳವೆಯದ್ದು ವಾಸಿ, ಕೊಳವೆ ಕಟ್ಟಿಕೊಳ್ಳುವುದು ನಿಧಾನ, ಬಿಚ್ಚಿ ತೊಳೆಯುವುದೂ ಸುಲಭ. ಸೋಲಾರ್ ಇಲ್ಲದವರಿಗೆ ಹೀಟ್ ಪಂಪ್. ಅದು ಎಸಿಯನ್ನು ಹಿಂದುಮುಂದಾಗಿ ಇಟ್ಟ ಹಾಗೆ: ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಹೀರಿ ನೀರಿಗೆ ತುಂಬುತ್ತದೆ. ಒಂದು ಯೂನಿಟ್ ಕೊಟ್ಟರೆ ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ. ಹೈದರಾಬಾದಿನಂಥ ಬೆಚ್ಚಗಿನ ಊರಿನಲ್ಲಿ ಅದಕ್ಕೆ ಕೆಲಸ ಸುಲಭ. ನಾಲ್ಕು ಯೂನಿಟ್ಟಿನ ತೊಟ್ಟಿ ಒಂದೂವರೆ ಯೂನಿಟ್ಟಿನಲ್ಲಿ ಮುಗಿಯುತ್ತದೆ. ಜಪಾನಿನಲ್ಲಿ 2001ರಿಂದ ಇಕೋಕ್ಯೂಟ್ ಅನ್ನುವ ಹೆಸರಿನಲ್ಲಿ ಇಂಥವು ಮನೆಮನೆಗೆ ಹೋಗಿವೆ. ಆದರೆ ಕೊಳ್ಳುವ ಬೆಲೆ ಹೆಚ್ಚು. ವಾರಕ್ಕೆರಡು ಸಲದ ತೊಟ್ಟಿಗೆ ಮಾತ್ರ ಅಂತ ತಂದರೆ ಹಣ ವಾಪಸ್ ಬರುವ ಹೊತ್ತಿಗೆ ಮೆಷಿನ್ನೇ ಹಳೆಯದಾಗಿರುತ್ತದೆ. ಇಡೀ ಮನೆಯ ಬಿಸಿನೀರಿಗೆ, ಐದಾರು ಜನ ಇರುವ ಮನೆಗೆ ಅಂತಾದರೆ ಯೋಚಿಸಿ. ಮಾಮೂಲಿ 25 ಲೀಟರಿನ ಗೀಸರಿನಿಂದಲೂ ತೊಟ್ಟಿ ತುಂಬಬಹುದು, ಅದು ಮೂರು ನಾಲ್ಕು ಸಲ ಕಾಯಬೇಕು, ಅಷ್ಟೇ. ತಿಂಗಳಿಗೆ ಎಂಟು ಸಲ ಅಂದರೆ 32 ಯೂನಿಟ್, ಹೆಚ್ಚೆಂದರೆ 300 ರೂಪಾಯಿ. ಸೋಲಾರ್ ಇಲ್ಲ ಅಂತ ಯಾರೂ ಹಿಂದೆ ಸರಿಯಬೇಕಾಗಿಲ್ಲ.

ಗ್ಯಾಸ್ ಗೀಸರ್ ಬಗ್ಗೆ ಮಾತ್ರ ಎರಡು ಮಾತು ಜೋರಾಗಿ ಹೇಳುತ್ತೇನೆ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿದು ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ತಿರುಗಿತು ಅನ್ನುವಷ್ಟರಲ್ಲಿ ಕಾಲು ಕೈ ಸೋತಿರುತ್ತದೆ, ಬಾಗಿಲ ಚಿಲಕ ತೆಗೆಯಲಾಗುವುದಿಲ್ಲ. ಪ್ರತಿ ಚಳಿಗಾಲ ಪೇಪರಿನಲ್ಲಿ ಇಂಥ ಸುದ್ದಿ ಓದುತ್ತೇವೆ, ಹೆಚ್ಚಾಗಿ ಹೆಣ್ಣುಮಕ್ಕಳದ್ದು, ತಾಯಿ ಮಗುವಿನದ್ದು. ಗ್ಯಾಸ್ ಗೀಸರ್ ಇದ್ದರೆ ಅದು ಬಚ್ಚಲಿನ ಹೊರಗೆ, ಬಯಲು ಗಾಳಿಯಲ್ಲಿ ಇರಲಿ, ಪೈಪು ಮಾತ್ರ ಒಳಗೆ ಬರಲಿ. ಇಮ್ಮರ್ಷನ್ ರಾಡನ್ನು ತೊಟ್ಟಿಗೆ ಇಳಿಬಿಡುವ ಯೋಚನೆಯನ್ನಂತೂ ಯಾರೂ ಮಾಡಬಾರದು. ಹಿತ್ತಲಿಗೆ ಕರೆಂಟು ಎಳೆದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್, ತೊಟ್ಟಿಯಲ್ಲಿ ಕೂತವರ ಕೈಗೆ ಎಟುಕದಷ್ಟು ದೂರದಲ್ಲಿ ಸ್ವಿಚ್ಚು. ನಾವು ತೊಟ್ಟಿಯ ಹತ್ತಿರ ಕರೆಂಟೇ ತರಲಿಲ್ಲ, ನೀರು ಬಿಸಿಯಾಗಿಯೇ ಪೈಪಿನಲ್ಲಿ ಬರುತ್ತದೆ.

ಕೊನೆಗೆ ನಾವು ಮಾಡಿಸಿದ್ದು ಏನು ಅಂದರೆ, ಎಫ್‌ಆರ್‌ಪಿ ಕೆಲಸದವರ ಹತ್ತಿರ ಅಳತೆ ಕೊಟ್ಟು ಒಂದು ತೊಟ್ಟಿ. ಒಳಗಿನ ಉದ್ದ ಮೂರಡಿ, ಅಗಲ ಎರಡಡಿ ಎರಡಿಂಚು, ಆಳ ಎರಡೂವರೆ ಅಡಿ, ಒಳಗೇ ಹತ್ತಿಂಚು ಎತ್ತರದ ಕೂರುವ ಕಟ್ಟೆ. ಕಟ್ಟೆ ಮೊಣಕಾಲಿಗೆ ಬೇಕೇ ಬೇಕು, ನೆಲದ ಮಟ್ಟಕ್ಕೆ ಕೂತರೆ ಏಳುವುದು ಹೇಗೆ? ಜೊತೆಗೆ ಕಟ್ಟೆ ಜಾಗ ತಿನ್ನುವುದರಿಂದ ಅಷ್ಟು ನೀರು ಉಳಿಯುತ್ತದೆ. ಕೂತವರ ದೇಹವೂ ಅಷ್ಟೇ, ಅರವತ್ತು ಕೆಜಿಯವರು ಇಳಿದರೆ ನೀರು ನಾಲ್ಕಿಂಚು ಏರುತ್ತದೆ. ಹಾಗಾಗಿ 250 ಲೀಟರ್ ತುಂಬಿದರೆ ಎದೆಯ ಕೆಳಭಾಗದವರೆಗೆ ಬರುತ್ತದೆ. ಗೋಡೆಯ ಸುತ್ತ ಎರಡಿಂಚು ಫೋಮು, ಅದರ ಮೇಲೆ ಇನ್ನೊಂದು ಪದರ. ಹೊರಗೆ ಎರಡು ಅಗಲ ಮೆಟ್ಟಿಲು, ಗೋಡೆಗೆ ಬೋಲ್ಟ್ ಹಾಕಿದ ಸ್ಟೀಲ್ ಹಿಡಿಕಂಬಿ, ಕೂರುವಷ್ಟು ಅಗಲದ ಅಂಚು. ಅಮ್ಮ ಅಂಚಿನ ಮೇಲೆ ಕೂತು, ಕಂಬಿ ಹಿಡಿದು, ಒಂದೊಂದೇ ಕಾಲು ಒಳಗೆ ತಿರುಗಿಸುತ್ತಾರೆ. ದಾಟುವುದಿಲ್ಲ. ಮೂರು ಕಡೆ ಬಿದಿರಿನ ತಟ್ಟಿ, ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆ ಕಾಣದ ಹಾಗೆ ಮೇಲೆ ಒಂದು ಶೀಟು. ಎಲ್ಲ ಸೇರಿ ಐವತ್ತು ಸಾವಿರದೊಳಗೆ ಮುಗಿಯಿತು. ಗೋಡೆಗಿಂತ ಮುಚ್ಚಳಕ್ಕೆ ಹೆಚ್ಚು ಚೌಕಾಸಿ ಮಾಡಿದ್ದು ನಾನು, ಕೆಲಸದವರು "ಅಂಟೆ ಮೂತಕೇನಾ ಮೇಡಂ ಇಂತ?" ಅಂತ ನಕ್ಕರು, ಮುಚ್ಚಳಕ್ಕೇ ಇಷ್ಟಾ ಅಂತ. ಮುಚ್ಚಳಕ್ಕೆ ಬೀಗವೂ ಇದೆ. ಮನೆಗೆ ಚಿಕ್ಕ ಮಕ್ಕಳು ಬರುತ್ತಾರೆ, ಒಂದಡಿ ನೀರು ಸಾಕು ಅನಾಹುತಕ್ಕೆ.

ಆರೋಗ್ಯದ ವಿಷಯ ಹೇಳದೆ ಕೂರಲಾರೆ. ನೀರು 40 ಡಿಗ್ರಿ ಮೀರಬಾರದು, ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಹೇಳುವ ಮಿತಿ ಅದು. ಜಪಾನಿನಲ್ಲಿ ಪ್ರತಿ ಚಳಿಗಾಲ ವಯಸ್ಸಾದವರು ಸಾವಿರಗಟ್ಟಲೆ ಜನ ಸ್ನಾನದ ತೊಟ್ಟಿಯಲ್ಲೇ ಸಾಯುತ್ತಾರೆ. ತಣ್ಣನೆ ಕೋಣೆಯಿಂದ ಸುಡುವ ನೀರಿಗೆ ಇಳಿದಾಗ ರಕ್ತದೊತ್ತಡ ಏರಿಳಿದು ಪ್ರಜ್ಞೆ ತಪ್ಪುತ್ತದೆ. ಅಲ್ಲಿನ ಸರ್ಕಾರವೇ 41 ಡಿಗ್ರಿಯೊಳಗೆ, ಹತ್ತು ನಿಮಿಷದೊಳಗೆ ಅಂತ ಹೇಳುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ತೊಟ್ಟಿಯಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ; ಮೊದಲು ಅಂಚಿನ ಮೇಲೆ ಎರಡು ನಿಮಿಷ ಕೂತುಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಕಾಲಿಟ್ಟು ಬಿಸಿ ನೋಡಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ಥರ್ಮಾಮೀಟರ್ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳಿನವರು, ಹಾಟ್ ಟಬ್ಬಿನಿಂದ ದೂರವೇ ಇರಬೇಕು. ಮೈಯ ಒಳಗಿನ ಉಷ್ಣತೆ ಏರಿದರೆ ಮಗುವಿನ ಬೆನ್ನುಹುರಿಯ ಬೆಳವಣಿಗೆಗೆ ತೊಂದರೆಯಾಗುವ ಸಾಧ್ಯತೆ ಇದೆ. ಅಮ್ಮ ತೊಟ್ಟಿಯಲ್ಲಿದ್ದಾಗ ನಮ್ಮಲ್ಲಿ ಯಾರಾದರೂ ಹಿತ್ತಲಿನಲ್ಲೇ ಇರುತ್ತೇವೆ, ಬಟ್ಟೆ ಒಣಹಾಕುತ್ತಲೋ ಮೀಟಿಂಗಿನಲ್ಲಿ ಮ್ಯೂಟ್ ಆಗಿಯೋ.

ಈಗ ಎರಡು ಚಳಿಗಾಲ ಆಯಿತು. ಮೊಣಕಾಲು ಹೊಸದಾಗಿಲ್ಲ. ಆದರೆ ತೊಟ್ಟಿಯ ದಿನಗಳಲ್ಲಿ ಅವರು ರಾತ್ರಿ ಮಾತ್ರೆ ಕೇಳುವುದು ಕಡಿಮೆ, ಮರುದಿನ ಬೆಳಿಗ್ಗೆ ಗೋಡೆ ಹಿಡಿಯದೆ ಅಡುಗೆಮನೆವರೆಗೆ ಬರುತ್ತಾರೆ. ಮೊದಲ ತಿಂಗಳು "ನೀವೆಲ್ಲ ಮುಗಿಸಿಕೊಳ್ಳಿ, ಆಮೇಲೆ ನಾನು" ಅನ್ನುತ್ತಿದ್ದರು. ಆಗ ನನ್ನ ಮಗಳು, ಎಂಟು ವರ್ಷದವಳು, "ಅಜ್ಜಿ, ಆಮೇಲೆ ಹೋದ್ರೆ ಮೂರು ಡಿಗ್ರಿ ಕಮ್ಮಿ ಇರುತ್ತೆ" ಅಂತ ಥರ್ಮಾಮೀಟರ್ ತಂದು ತೋರಿಸಿದಳು. ಈಗ ಅಮ್ಮನೇ ಮೊದಲು. ಅವರಾದ ಮೇಲೆ ಅದೇ ನೀರಿನಲ್ಲಿ ಮಗಳು, ಅವಳಾದ ಮೇಲೆ ಶನಿವಾರವಾಗಿದ್ದರೆ ನಾನು. ಎಣ್ಣೆ ನೀರಿನ ದಿನ ಮಾತ್ರ ಹೊರಗೆ ಕಲ್ಲಿನ ಮೇಲೆ ಕೂರಿಸಿ ಸೀಗೆಪುಡಿ ಹಾಕಿ ತೊಳೆದೇ ಒಳಗೆ ಬಿಡುವುದು.

ಲೆಕ್ಕದ ಎಕ್ಸೆಲ್ ಶೀಟನ್ನು ವೇದಿಕೆಯ ವಾಟ್ಸಪ್ ಗುಂಪಿಗೆ ಹಾಕಿದ್ದೇನೆ. ಹಳದಿ ಬಣ್ಣದ ಮೂರು ಮನೆಗಳಲ್ಲಿ ನಿಮ್ಮ ತೊಟ್ಟಿಯ ಲೀಟರು, ನಿಮ್ಮ ನೀರಿನ ಉಷ್ಣತೆ, ನಿಮ್ಮ ಬಿಲ್ಲಿನ ಮೇಲಿನ ಸ್ಲ್ಯಾಬಿನ ದರ ತುಂಬಿ, ಉಳಿದದ್ದು ಅದೇ ಹೇಳುತ್ತದೆ. ಮುಚ್ಚಳದ ಅಳತೆಯೂ ಎರಡನೆಯ ಶೀಟಿನಲ್ಲಿದೆ. ಪ್ರಶ್ನೆ ಇದ್ದವರು ಕೇಳಿ, ಕಾಫಿ ಬರುವುದಕ್ಕೆ ಇನ್ನೂ ಐದು ನಿಮಿಷ ಇದೆಯಂತೆ.